ಖೀರಿನ ಮೇಲೆ ಬಂದ ಅಪವಾದ



ಇಂದಿನ ಚಿಂತನೆ ಬರೆಯುವ ಪಾಳಿ ನನ್ನದು. ಪಂಚಶೀಲದಲ್ಲಿ ನಾಲ್ಕನೆಯದರ ಬಗ್ಗೆ ಬರೆಯಿರಿ ಎಂದು ಬಳಗದ ಹಿರಿಯರು ಹೇಳಿದ್ದಾರೆ. ನಾನು ಪಂಡಿತನಲ್ಲ. ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಹತ್ತಿರ, 65ನೇ ಹೆದ್ದಾರಿ ಬದಿಯಲ್ಲಿ, ಲಾರಿಗಳಿಗೆ ವೆಲ್ಡಿಂಗ್ ಮಾಡುವವನು. ಆದ್ದರಿಂದ ನನ್ನ ಕೈಯಿಂದ ಆದದ್ದನ್ನೇ ಬರೆಯುತ್ತೇನೆ.

ಹುಮನಾಬಾದ್ ಕಡೆಯ ನಮ್ಮ ಒಬ್ಬ ತಮ್ಮ ಮನೆಯಲ್ಲೇ ಒಂದು ಕಾರು ಕಟ್ಟಿದ್ದ. ಹಳೇ ಮಾರುತಿ 800ರ ಎಂಜಿನ್, ಚೌಕ ಪೈಪಿನ ಚಾಸಿ, ಮೇಲೆ ತಗಡು, ಬದಿಗೆ ತಾಡಪತ್ರಿ. ನೋಂದಣಿ ಆಗದ ಗಾಡಿ, ಹೊಲದ ದಾರಿಯಲ್ಲಷ್ಟೇ ಓಡಾಟ. ಗುಜರಿಯಲ್ಲಿ ಸಿಕ್ಕ ಸೈಲೆನ್ಸರ್ ದೊಡ್ಡ ಗಾಡಿಯದು. ಎಂಜಿನ್‌ನಿಂದ ಬರುವ ಪೈಪು 38 ಮಿಲಿಮೀಟರ್, ಸೈಲೆನ್ಸರ್ ಬಾಯಿ 51. "ಅಣ್ಣಾ, ನಾಳೆ ವೈಶಾಖ ಹುಣ್ಣಿಮೆ ಅದ, ಹುಡುಗ್ರಿಗೆ ಒಂದು ಸುತ್ತು ಹೊಡಸ್ಬೇಕು, ಇವತ್ತೇ ಜೋಡ್ಸಿ ಕೊಡು" ಅಂದ.

ಅಳತೆ ಕೂಡದ ಎರಡು ಪೈಪು ಜೋಡಿಸುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ತಗಡನ್ನು ಆಲಿಕೆಯಂತೆ ಸುತ್ತಿ ನಡುವೆ ಒಂದು ತುಂಡು ಮಾಡಬೇಕು, ಒಂದು ಬಾಯಿ ಸಣ್ಣದಕ್ಕೆ, ಇನ್ನೊಂದು ದೊಡ್ಡದಕ್ಕೆ. ಹೊಗೆ ಹೋಗುವ ದಿಕ್ಕಿಗೆ ಸಣ್ಣದು ದೊಡ್ಡದರ ಒಳಗೆ ಕೂರಬೇಕು. ನಾಲ್ಕು ಕಡೆ ಟಾಕಾ ಹಾಕಿ, ತುಸು ತುಸುವೇ ಸುತ್ತು ಮುಗಿಸಬೇಕು, ಇಲ್ಲವಾದರೆ ತೆಳು ಪೈಪು ತೂತಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗಾಡುತ್ತದೆ, ಸೈಲೆನ್ಸರ್ ಚಾಸಿಗೆ ಕಟ್ಟಿರುತ್ತದೆ. ನಡುವೆ ಬಾಗುವ ಬೆಲ್ಲೋಸ್ ಒಂದು ಇರದಿದ್ದರೆ ಎಷ್ಟು ಗಟ್ಟಿ ಜೋಡಿಸಿದರೂ ಒಂದು ದಿನ ಅಲ್ಲೇ ಸೀಳುತ್ತದೆ. ಮುಗಿದ ಮೇಲೆ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಹಿಂದಿನ ಬಾಯಿಗೆ ಬಟ್ಟೆ ಒತ್ತಿ, ಜೋಡಿನ ಮೇಲೆ ಸಾಬೂನು ನೀರು ಸವರಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಐದು ನಿಮಿಷದ ಕೆಲಸ.

ನಾನು ಇದ್ಯಾವುದನ್ನೂ ಮಾಡಲಿಲ್ಲ. ಹೊತ್ತು ಮುಳುಗಿತ್ತು. ಮೂಲೆಯಲ್ಲಿ ಬಿದ್ದಿದ್ದ ನೀರಿನ ಜಿಐ ಪೈಪಿನ ತುಂಡೊಂದನ್ನು ನಡುವೆ ತುರುಕಿ, ಸಂದಿಗೆಲ್ಲ ರಾಡು ಕರಗಿಸಿ ತುಂಬಿದೆ. ಸತುವಿನ ಬಿಳಿ ಹೊಗೆ ಕುಡಿದು ರಾತ್ರಿ ನನಗೇ ಚಳಿಜ್ವರ ಬಂತು. ಆಗಲೇ ಬುದ್ಧಿ ಬರಬೇಕಿತ್ತು.

ಮರುದಿನ ಸಂಜೆ ವಂದನೆ ಮುಗಿಯಿತು, ಎಲ್ಲರಿಗೂ ಖೀರು ಹಂಚಿದರು. ಸುಜಾತೆಯ ನೆನಪಿಗೆ ವರ್ಷಾ ಖೀರು ಮಾಡುವವರು ನಮ್ಮ ಬಳಗದ ಒಬ್ಬ ತಾಯಿ. ಆಮೇಲೆ ನಾಲ್ಕು ಮಕ್ಕಳು ಕಾರು ಹತ್ತಿದರು. ಮಳೆ ಹನಿಯಿತು, ತಾಡಪತ್ರಿ ಇಳಿಬಿಟ್ಟರು. ಅರ್ಧ ತಾಸಿನಲ್ಲಿ ಇಬ್ಬರು ವಾಂತಿ ಮಾಡಿಕೊಂಡರು, ಒಬ್ಬಳಿಗೆ ತಲೆ ಎತ್ತಲಾಗಲಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ರಾತ್ರಿಯೊಳಗೆ ಚೇತರಿಸಿಕೊಂಡರು. ಹೊರಗೆ ನಿಂತವರ ಬಾಯಲ್ಲಿ ಮಾತ್ರ ಒಂದೇ ಮಾತು: "ಖೀರಿನ ಹಾಲು ಕೆಟ್ಟಿತ್ತೇನೋ." ಒಬ್ಬರು ನನ್ನ ಕಡೆ ತಿರುಗಿ "ಖೀರಿಂದೇ ಇರ್ಬೇಕಲ್ರಿ?" ಅಂದರು. "ಇರಬಹುದು" ಅಂದೆ.

ನನಗೆ ಗೊತ್ತಿತ್ತು. ಖೀರು ನೂರು ಜನ ಉಂಡಿದ್ದರು, ಕಾಯಿಲೆ ಬಿದ್ದದ್ದು ಕಾರು ಹತ್ತಿದವರು. ಸೈಲೆನ್ಸರಿನ ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದವರು ಎಷ್ಟೋ ಜನ.

ಎರಡು ದಿನ ಬಾಯಿ ಬಿಡಲಿಲ್ಲ. ಆ ಎರಡು ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದು ಧಮ್ಮದ ಕತೆಯಿಂದಲೇ, ಅದನ್ನೂ ಹೇಳಬೇಕು. ಪಾವಾ ಪಟ್ಟಣದ ಚುಂದ ಗೊತ್ತಲ್ಲ, ಭಗವಾನರಿಗೆ ಕೊನೆಯ ಊಟ ಬಡಿಸಿದವನು. ಪಾಲಿಯಲ್ಲಿ ಅವನು ಕಮ್ಮಾರಪುತ್ತ, ಅಂದರೆ ನಮ್ಮ ಕಮ್ಮಾರನೇ, ಕಬ್ಬಿಣ ಕಾಯಿಸುವ ಕುಲದವನು. ಬಡಿಸಿದ್ದು ಹಂದಿಯೋ ಅಣಬೆಯೋ ಎಂದು ಪಂಡಿತರು ಇಂದಿಗೂ ವಾದಿಸುತ್ತಾರೆ, ನಮಗೆ ಆ ವಾದ ಬೇಡ. ಊಟದ ಮೇಲೆ ಭಗವಾನರಿಗೆ ರಕ್ತಭೇದಿ ಆಯಿತು. ಸಾವು ಎದುರಿಗಿದ್ದಾಗಲೂ ಅವರು ಆನಂದನಿಗೆ ಹೇಳಿದ್ದು ಚುಂದನ ವಿಷಯ: ಅವನ ಮನಸ್ಸಿಗೆ ಯಾರೂ ನೋವು ಹಚ್ಚಬಾರದು, ಬೋಧಿಗೆ ಮೊದಲಿನ ಊಟದಷ್ಟೇ ಫಲ ಈ ಕೊನೆಯ ಊಟಕ್ಕೂ ಇದೆ. ನಾನೂ ಕಬ್ಬಿಣದವನು, ನನ್ನನ್ನೂ ಬೈಯಬಾರದು, ಅಂದುಕೊಂಡೆ.

ಮೂರನೇ ದಿನ ಗ್ಯಾರೇಜಿನಲ್ಲಿ ಆ ಜೋಡನ್ನು ಬಿಚ್ಚಿ ನೋಡುವಾಗ ತಿಳಿಯಿತು. ಉಗುರು ತೂರುವಷ್ಟು ಸೀಳು, ಸುತ್ತ ಕಪ್ಪು ಮಸಿ. ಈ ಕತೆಯಲ್ಲಿ ಚುಂದ ನಾನಲ್ಲ. ಒಳ್ಳೆಯ ಮನಸ್ಸಿನಿಂದ ಅಡುಗೆ ಮಾಡಿ ಬಡಿಸಿ, ಅಪವಾದ ಹೊತ್ತವರು ಆ ತಾಯಿ. ಚುಂದನ ಪರವಾಗಿ ಭಗವಾನರು ಮಾತಾಡಿದರು. ಆ ತಾಯಿಯ ಪರವಾಗಿ ಮಾತಾಡಬಹುದಾಗಿದ್ದವನು ನಾನೊಬ್ಬನೇ, ನಾನು "ಇರಬಹುದು" ಅಂದಿದ್ದೆ.

ನಮ್ಮ ಮಂದಿಗೆ ಇದು ಸಣ್ಣ ಮಾತಲ್ಲ. ನಮ್ಮ ಅಜ್ಜಿಯರ ಕೈಯ ನೀರನ್ನು ಊರು ಮುಟ್ಟಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದ ಮೇಲೆ, ಆ ಕೆರೆಗೆ ಸಗಣಿ, ಗಂಜಳ ಸುರಿದು ಶುದ್ಧ ಮಾಡಿದೆವೆಂದರು. ಅಂಥ ಇತಿಹಾಸ ಹೊತ್ತ ನಾವೇ ನಮ್ಮ ತಾಯಿಯೊಬ್ಬರ ಪಾತ್ರೆಯತ್ತ ಬೆರಳು ತೋರಿಸಿದೆವು.

ಮಗ ರಾಹುಲನಿಗೆ ಭಗವಾನರು ಹೇಳಿಕೊಟ್ಟದ್ದನ್ನು ಬಳಗದಲ್ಲಿ ಓದಿದ್ದೇವೆ. ಯಾವ ಕೆಲಸವನ್ನಾದರೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೂ ನೋಡಿಕೋ, ಅದರಿಂದ ಯಾರಿಗಾದರೂ ಕೇಡಾಯಿತೇ ಎಂದು. ಆಗಿದ್ದರೆ ಗುರುವಿನ ಮುಂದೆ, ತಿಳಿದ ಸಂಗಾತಿಗಳ ಮುಂದೆ ತೆರೆದು ಹೇಳು. ಸುಳ್ಳಿನ ವಿಷಯವಾಗಿ ರಾಹುಲನಿಗೆ ಕೊಟ್ಟ ಉಪದೇಶವನ್ನು ಭಿಕ್ಷುಗಳೂ ಉಪಾಸಕರೂ ಪದೇ ಪದೇ ಕೇಳಬೇಕೆಂದು ಸಾಮ್ರಾಟ ಅಶೋಕ ಬೈರಾಟಿನ ಶಾಸನದಲ್ಲಿ ಕೆತ್ತಿಸಿದ್ದಾನೆ. ನನ್ನ ಲೆಕ್ಕದಲ್ಲಿ ಸಾಬೂನು ನೀರು ಸವರುವುದು ಮಾಡಿದ ಮೇಲಿನ ನೋಟ. ಅದನ್ನು ತಪ್ಪಿಸಿಕೊಂಡೆ. ಹೇಳುವುದನ್ನೂ ತಪ್ಪಿಸಿಕೊಳ್ಳಲು ಹೊರಟಿದ್ದೆ.

ಭಾನುವಾರ ಆ ಸೀಳಿದ ಜೋಡನ್ನು ಚೀಲದಲ್ಲಿ ಹಾಕಿಕೊಂಡು ಹುಮನಾಬಾದಿಗೆ ಹೋದೆ. ಬಳಗದ ನಡುವೆ ಇಟ್ಟು, ಆ ತಾಯಿಯ ಹೆಸರು ಹಿಡಿದು, ಆದದ್ದೆಲ್ಲ ಹೇಳಿದೆ. ಮಕ್ಕಳ ತಂದೆ ಎದ್ದು ಹೊರಗೆ ಹೋದರು, ಅವರು ಇನ್ನೂ ನನ್ನ ಜೊತೆ ಮಾತಾಡಿಲ್ಲ. ತಾಯಿ ಜೋಡನ್ನು ಕೈಗೆತ್ತಿಕೊಂಡು ಸೀಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಮೂರು ದಿನ ನಾ ಆ ಪಾತೇಲಿ ತಿಕ್ಕಿ ತಿಕ್ಕಿ ಇಟ್ಟೀನಪ್ಪಾ" ಅಂದರು. ಬೇರೆ ಏನೂ ಅನ್ನಲಿಲ್ಲ.

ಕಾರಿಗೆ ಈಗ ಬೆಲ್ಲೋಸ್ ಹಾಕಿ, ಆಲಿಕೆಯ ತುಂಡು ಮಾಡಿ, ಹೊಗೆಯ ಬಾಯಿ ಹಿಂದಿನ ಬಂಪರಿನಾಚೆ ಬರುವಂತೆ ಜೋಡಿಸಿದ್ದೇನೆ. ಸಾಬೂನು ನೀರು ಹಚ್ಚಿದ್ದು ಆ ತಮ್ಮನೇ, ನಾನು ಪಕ್ಕದಲ್ಲಿ ನಿಂತಿದ್ದೆ. ಮಕ್ಕಳನ್ನು ಇನ್ನೂ ಹತ್ತಿಸಿಲ್ಲ.

ಜೈ ಭೀಮ್. ನಮೋ ಬುದ್ಧಾಯ.