ಜೀರ್ಣೋದ್ಧಾರದ ಧರ್ಮ

ನಮ್ಮ ಪ್ರಾಚೀನ ಶಾಸನಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇಗುಲದಲ್ಲಿ ಒಡೆದುದನ್ನು, ಬಿರುಕು ಬಿಟ್ಟುದನ್ನು, ಸವೆದು ಹಳತಾದುದನ್ನು ಸರಿಪಡಿಸಲೆಂದು ಯಾರೋ ಭೂಮಿಯನ್ನು ಬಿಟ್ಟರು, ಇನ್ನಾರೋ ಸುಂಕದ ಉತ್ಪನ್ನವನ್ನು ಬಿಟ್ಟರು ಎಂಬ ದಾಖಲೆ ಅದು. ಗಮನಿಸಬೇಕಾದುದೆಂದರೆ ಆ ಮಾತು ಒಂಟಿಯಾಗಿ ಬರುವುದು ಅಪರೂಪ. ಅದರ ಮಗ್ಗುಲಲ್ಲಿಯೇ ಅಂಗಭೋಗ, ರಂಗಭೋಗ, ಆಹಾರದಾನ ಎಂಬ ಮಾತುಗಳು ಇರುತ್ತವೆ. ದೇವರ ಪೂಜೆ ಅಲಂಕಾರಗಳಿಗೆ ಇಷ್ಟು, ಗೀತ ನೃತ್ಯ ವಾದ್ಯಗಳಿಗೆ ಇಷ್ಟು, ಬಂದವರ ಊಟಕ್ಕೆ ಇಷ್ಟು, ಗೋಡೆಯ ಬಿರುಕಿಗೆ ಇಷ್ಟು. ಕಲ್ಲನ್ನು ಕಾಯುವ ಕೆಲಸವನ್ನೂ ಕಲ್ಲಿನೊಳಗೆ ನಡೆಯುವ ಬದುಕನ್ನು ಕಾಯುವ ಕೆಲಸವನ್ನೂ ಆ ಜನ ಒಂದೇ ದಾನಪತ್ರದಲ್ಲಿ ಬರೆದಿಟ್ಟರು.

ಈ ಮಾತನ್ನು ನೆನೆಯುವ ಪ್ರಸಂಗ ನಮಗೊದಗಿದ್ದು ಮುಂಬಯಿಯ ರಾಯಲ್ ಒಪೇರಾ ಹೌಸಿನಲ್ಲಿ. ಲಿಂಗನೂರಿನಿಂದ ನಾವು ಐವರು ಮಿರಜಿಗೆ ಬಂದು, ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದು ಅಲ್ಲಿಗೆ ಹೋದದ್ದಕ್ಕೆ ಒಂದು ಹಿನ್ನೆಲೆಯಿತ್ತು. ನಮ್ಮ ಭಾಗದಲ್ಲಿ ಬಹುಕಾಲದಿಂದ ಮುಚ್ಚಿಬಿದ್ದಿರುವ ಒಂದು ಹಳೆಯ ಟಾಕೀಸನ್ನು ರಂಗಮಂದಿರವಾಗಿ ಮಾಡಬಹುದೇ ಎಂಬ ವಿಚಾರ ನಮ್ಮ ಗೆಳೆಯರ ನಡುವೆ ಎದ್ದಿತ್ತು. ಎದ್ದ ದಿನವೇ ಎರಡು ಪಕ್ಷಗಳೂ ಆದವು. ನಾಟಕಕ್ಕೆ, ಭಜನೆಗೆ, ಸಮ್ಮೇಳನಕ್ಕೆ ನಮ್ಮದೆಂಬ ಒಂದು ಸೂರು ಬೇಡವೇ ಎಂದು ಕೆಲವರು ಕೇಳಿದರು. ಮಿರಜ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಓದಲು ಪುಸ್ತಕವಿಲ್ಲದಿರುವಾಗ ಇಟ್ಟಿಗೆ ಗಾರೆಗೆ ಹಣ ಸುರಿಯುವುದು ಯಾವ ನ್ಯಾಯ ಎಂದು ಉಳಿದವರು ಕೇಳಿದರು. ಎರಡೂ ಪ್ರಶ್ನೆಗಳು ಸರಿಯಾದವೇ. ಹೀಗೆ ಕೂತಲ್ಲೇ ವಾದಿಸುವುದಕ್ಕಿಂತ, ಹಳೆಯ ಚಿತ್ರಮಂದಿರವೊಂದಕ್ಕೆ ಹೊಸ ಜೀವ ಬಂದದ್ದನ್ನು ಕಣ್ಣಾರೆ ನೋಡಿ ಬರೋಣವೆಂದು ಹೊರಟೆವು.

ಒಪೇರಾ ಹೌಸಿನ ಚರಿತ್ರೆ ಹಲವರಿಗೆ ತಿಳಿದದ್ದೇ. ಕಲಕತ್ತೆಯ ಮನರಂಜನೋದ್ಯಮಿ ಮಾರಿಸ್ ಬ್ಯಾಂಡ್‌ಮನ್ ಮತ್ತು ಪಾರಸಿ ವರ್ತಕ ಜಹಾಂಗೀರ ಫ್ರಾಮಜಿ ಕರಾಕಾ ಕೂಡಿ ಕಟ್ಟಿಸಿದ ಈ ಮಂದಿರವನ್ನು, ಕಟ್ಟಡದ ಕೆಲಸ ಇನ್ನೂ ಮುಗಿಯದಿರುವಾಗಲೇ, 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ. ಹೆಸರಿಗೆ ಒಪೇರಾ, ಆದರೆ ಬಾಲಗಂಧರ್ವ, ದೀನಾನಾಥ ಮಂಗೇಶಕರ, ಪೃಥ್ವಿರಾಜ ಕಪೂರರಂಥವರೂ ಆ ರಂಗವನ್ನು ಏರಿದರು. 1930ರ ದಶಕದಲ್ಲಿ ಅದು ಪೂರ್ಣವಾಗಿ ಚಿತ್ರಮಂದಿರವಾಯಿತು. 1952ರಲ್ಲಿ ಗೊಂಡಲ್ ಸಂಸ್ಥಾನದ ಮಹಾರಾಜರು ಕೊಂಡುಕೊಂಡರು. 1993ರಲ್ಲಿ ಬಾಗಿಲು ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರ ಮಾರ್ಗದರ್ಶನದಲ್ಲಿ ವರ್ಷಗಟ್ಟಲೆ ದುರಸ್ತಿ ನಡೆದು, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯೂ ಸಂದಿತು.

ಒಳಗೆ ಕಾಲಿಟ್ಟಾಗ ನಮಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸುವರ್ಣಲೇಪದ ಕುಸುರಿ, ತೂಗುವ ದೀಪಗುಚ್ಛಗಳು, ಕವಿ ನಾಟಕಕಾರರಿಗೆ ನಮಿಸಿ ಎಂಟು ಭಾಗವಾಗಿ ಚಿತ್ರಿಸಿದ ಗುಮ್ಮಟ. ಹಾಡುಗಾರ್ತಿ ಮೆಲ್ಲನೆ ತೆಗೆದ ಷಡ್ಜ ನಾವು ಕುಳಿತ ಹಿಂದಿನ ಸಾಲಿಗೂ ಸವೆಯದೆ ಬಂದು ಮುಟ್ಟಿತು. ಮಿರಜಿನ ನೆರೆಯವರಾದ ನಮಗೆ ತಂಬೂರಿಯ ನಾದದಲ್ಲಿ ಸ್ವಲ್ಪ ಗರ್ವವೂ ಇದೆ. ಆ ಸಂಜೆ ವೇದಿಕೆಯ ಮೇಲಿದ್ದ ಜೋಡಿ ತಂಬೂರಿಗಳು ನಮ್ಮ ಊರಿನ ಕೈಕೆಲಸವೇ ಇರಬೇಕೆಂದು ನಾವೇ ತೀರ್ಮಾನಿಸಿಕೊಂಡೆವು, ಯಾರನ್ನೂ ಕೇಳಲಿಲ್ಲ.

ನಮ್ಮೊಡನೆ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಹರೆಯದಲ್ಲಿ ಮುಂಬಯಿಯ ಬಟ್ಟೆಗಿರಣಿಯಲ್ಲಿ ದುಡಿದು, 1982ರ ದೊಡ್ಡ ಮುಷ್ಕರದ ಬಳಿಕ ಬರಿಗೈಯಲ್ಲಿ ಊರಿಗೆ ಮರಳಿದವರು. ವಾರದ ರಜೆಯ ದಿನ ಚರ್ನಿ ರೋಡಿನಲ್ಲಿ ಇಳಿದು ಇದೇ ಒಪೇರಾ ಹೌಸಿನಲ್ಲಿ ಸಿನೆಮಾ ನೋಡುತ್ತಿದ್ದವರು. ವಿರಾಮದಲ್ಲಿ ದೀಪಗಳು ಹೊತ್ತಿಕೊಂಡಾಗ ಅವರು ಗುಮ್ಮಟವನ್ನು ನೋಡಲಿಲ್ಲ. ನಿಂತುಕೊಂಡು ವೇದಿಕೆಯ ಕಡೆಗೇ ಏನನ್ನೋ ಹುಡುಕುತ್ತಿದ್ದರು.

“ಪಡದೆ ಇಲ್ಲೇ ಇತ್ತಲ್ರೀ... ಎಲ್ಲಿ ಹೋತು?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮಂಥಾವ್ರು ಕೂಡ್ತಿದ್ದ ಸ್ವಸ್ತಾ ಜಾಗಾ ಈಗ ಯಾವ್ದರಿ?” ಎಂದು ಕೇಳಿದರು.

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಈ ಲೇಖನ ಆ ಎರಡು ಪ್ರಶ್ನೆಗಳ ಸುತ್ತಲೇ ಹುಟ್ಟಿದ್ದು.

ಮೊದಲ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಸಿನೆಮಾದ ಕಾಲದಲ್ಲಿ ಕಿತ್ತುಹಾಕಿದ್ದ ಅಕ್ಕಪಕ್ಕದ ಬಾಕ್ಸುಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಂದರೆ ಕಟ್ಟಡಕ್ಕಿದ್ದ ಅನೇಕ ಜನ್ಮಗಳಲ್ಲಿ ಮೊದಲನೆಯದನ್ನು ಆರಿಸಿಕೊಂಡು ಅದಕ್ಕೆ ಮರಳಿಸಿದ್ದಾರೆ. ಆ ಕೆಲಸದ ಹಿಂದಿರುವ ವಿದ್ವತ್ತು ಮತ್ತು ತಾಳ್ಮೆ ದೊಡ್ಡವು. ಅದನ್ನು ಹಗುರಾಗಿ ಕಾಣುವ ಅಧಿಕಾರ ನಮಗಿಲ್ಲ. ಆದರೂ ಕೇಳಬೇಕಾಗುತ್ತದೆ: ಆ ಮಂದಿರ ನಾಟಕ-ಒಪೇರಾಗಳ ಮನೆಯಾಗಿದ್ದದ್ದು ಎರಡೂವರೆ ದಶಕ, ಸಿನೆಮಾ ಮನೆಯಾಗಿದ್ದದ್ದು ಅದರ ಎರಡರಷ್ಟಕ್ಕೂ ಮಿಗಿಲಾದ ಕಾಲ. ಸಾಮಾನ್ಯರು ಲಕ್ಷಗಟ್ಟಲೆ ಬಂದು ಅತ್ತು ನಕ್ಕು ಹೋದದ್ದು ಈ ಎರಡನೆಯ ಕಾಲದಲ್ಲಿ. ಯಾವುದು ಅದರ ನಿಜರೂಪವೆಂದು ಹೇಳುವವರು ಯಾರು, ಯಾವ ಅಳತೆಯಿಂದ?

ಯುರೋಪಿನಲ್ಲಿ ಈ ಜಗಳ ಹಳೆಯದು. 1849ರಲ್ಲಿಯೇ ರಸ್ಕಿನ್ ಜೀರ್ಣೋದ್ಧಾರವನ್ನೇ ನಿರಾಕರಿಸಿದ. ಸತ್ತವರನ್ನು ಎಬ್ಬಿಸಲಾಗದಂತೆ ಹಳೆಯ ಕಟ್ಟಡವನ್ನೂ ಹಿಂದಕ್ಕೆ ತರಲಾಗದು, ಮಾಡಬೇಕಾದ್ದು ದಿನದಿನದ ಪಾಲನೆ ಎಂಬುದು ಅವನ ಪಕ್ಷ. ಫ್ರಾನ್ಸಿನ ವಿಯೊಲೆ-ಲ-ಡ್ಯೂಕನದು ಇದಕ್ಕೆ ತೀರ ವಿರುದ್ಧವಾದ ನಿಲುವು. ಕಟ್ಟಡವನ್ನು ಪರಿಪೂರ್ಣ ಸ್ಥಿತಿಗೆ ತರಬೇಕು, ಆ ಸ್ಥಿತಿ ಹಿಂದೆಂದೂ ಇರದಿದ್ದರೂ ಸರಿ ಎಂದ ಧೈರ್ಯಶಾಲಿ ಅವನು. 1964ರ ವೆನಿಸ್ ಸನದು ಒಂದು ಮಧ್ಯಮಾರ್ಗವನ್ನು ಹಿಡಿದು, ಸ್ಮಾರಕಕ್ಕೆ ಬೇರೆಬೇರೆ ಕಾಲಗಳು ನೀಡಿದ ಯೋಗ್ಯ ಕೊಡುಗೆಗಳನ್ನೆಲ್ಲ ಗೌರವಿಸಬೇಕೆಂದು ಹೇಳಿತು. ಹೇಳುವುದು ಸುಲಭ. ಎರಡು ಕಾಲಗಳು ಒಂದೇ ಗೋಡೆಯ ಮೇಲೆ ಹಕ್ಕು ಸಾಧಿಸಿದಾಗ ಒಂದನ್ನು ಬಿಡಲೇಬೇಕಾಗುತ್ತದೆ. ಬಿಡುವುದೇ ಅಪರಾಧವೆಂದು ನಮಗೆ ಅನಿಸುವುದಿಲ್ಲ. ಬಿಟ್ಟೆವೆಂಬುದನ್ನು ಎಲ್ಲೂ ಹೇಳದಿರುವುದು ಮಾತ್ರ ಸರಿಯಲ್ಲ.

ಇಲ್ಲಿ ನಮಗೆ ಮಿರಜಿನ ತಂತುವಾದ್ಯದ ಕಾರಖಾನೆ ನೆನಪಾಯಿತು. ತಲೆಮಾರು ಕಂಡ ತಂಬೂರಿಯೊಂದು ದುರಸ್ತಿಗೆ ಬಂದರೆ ಅಲ್ಲಿ ಏನಾಗುತ್ತದೆ? ಬುರುಡೆ ಒಡೆದಿದ್ದರೆ ಪಂಢರಪುರದ ಸೀಮೆಯಿಂದ ಬಂದ ಇನ್ನೊಂದು ಬುರುಡೆಯನ್ನು ಹೊಂದಿಸುತ್ತಾರೆ, ಕುಣಿಕೆ ಸಡಿಲವಾಗಿದ್ದರೆ ಬದಲಿಸುತ್ತಾರೆ, ಕೊನೆಗೆ ಕುದುರೆಯ ಮೇಲ್ಮೈಯನ್ನು ಉಜ್ಜಿ ಜವಾರಿ ತೆಗೆಯುತ್ತಾರೆ. ತಂತಿಯ ಝೇಂಕಾರ ಹುಟ್ಟುವುದು ಆ ಉಜ್ಜುವಿಕೆಯಲ್ಲಿ. ಬಲ್ಲ ಕುಶಲಿ ಜವಾರಿ ತೆಗೆಯುವ ಮೊದಲು ವಾದ್ಯದ ವಯಸ್ಸನ್ನು ಕೇಳುವುದಿಲ್ಲ; ಹಾಡುವವರು ಗಂಡಸರೋ ಹೆಂಗಸರೋ, ಯಾವ ಪಟ್ಟಿಯಲ್ಲಿ ಹಾಡುತ್ತಾರೆ ಎಂದು ಕೇಳುತ್ತಾನೆ. ಹಳೆಯ ನಾದವನ್ನೇ ಕೂಡಿಸಿಕೊಡು ಎಂದರೆ ಅವನಿಗೆ ಅರ್ಥವಾಗದು, ಏಕೆಂದರೆ ಹಳೆಯ ನಾದ ಹಳೆಯ ಗಾಯಕನ ಕಂಠದೊಡನೆ ಹೋಗಿರುತ್ತದೆ. ಕಟ್ಟಡಕ್ಕೂ ವಾದ್ಯಕ್ಕೂ ಎಲ್ಲ ರೀತಿಯಲ್ಲಿ ಹೋಲಿಕೆ ಕೂಡದೆಂದು ಬಲ್ಲೆವು. ಆದರೆ ಯಾವ ಕಾಲಕ್ಕೆ ಮರಳಿಸಬೇಕು ಎಂಬ ಪ್ರಶ್ನೆಗಿಂತ ಇನ್ನು ಮುಂದೆ ಯಾರು ಹಾಡುವವರು, ಯಾರು ಕೇಳುವವರು ಎಂಬ ಪ್ರಶ್ನೆ ಮೊದಲು ಬರಬೇಕೆಂಬುದು ನಮಗೆ ಅಲ್ಲಿ ಹೊಳೆಯಿತು. ಕಾಕಾ ಅವರ ಎರಡನೆಯ ಪ್ರಶ್ನೆಯೂ ಅದೇ ಆಗಿತ್ತಲ್ಲ.

ಎಲ್ಲ ಹಳೆಯ ಮಂದಿರಗಳಿಗೂ ಈ ಭಾಗ್ಯ ಒದಗುವುದಿಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿಯೂ ಒಂದು ಒಪೇರಾ ಹೌಸ್ ಇದೆ. ನಾಟಕ, ಸಿನೆಮಾ ಎರಡನ್ನೂ ಕಂಡದ್ದು. 2018ರಲ್ಲಿ ಅದು ಸುಂದರವಾಗಿ ದುರಸ್ತಿಗೊಂಡು, ಮೊಬೈಲ್ ಫೋನು ತಯಾರಿಸುವ ಕಂಪನಿಯೊಂದರ ಅನುಭವ ಕೇಂದ್ರವಾಗಿ ತೆರೆಯಿತು. ಕಟ್ಟಡ ಉಳಿಯಿತು. ನೆಲಸಮವಾಗುವುದಕ್ಕಿಂತ ಅದು ನೂರು ಪಾಲು ಮೇಲು ಎಂದು ಒಪ್ಪುತ್ತೇವೆ. ಶಾಸನದ ಭಾಷೆಯಲ್ಲಿ ಹೇಳುವುದಾದರೆ, ಖಂಡಸ್ಫುಟಿತಕ್ಕೆ ವ್ಯವಸ್ಥೆಯಾಯಿತು. ರಂಗಭೋಗದ ಜಾಗದಲ್ಲಿ ವ್ಯಾಪಾರ ಬಂತು.

ನಮಗೆ ಹತ್ತಿರವಾದದ್ದು ಕೊಲ್ಹಾಪುರ. ಶಾಹೂ ಛತ್ರಪತಿಗಳು 1915ರಲ್ಲಿ ಕಟ್ಟಿಸಿ ಮುಗಿಸಿದ ಪ್ಯಾಲೇಸ್ ಥಿಯೇಟರು, ಇಂದಿನ ಕೇಶವರಾವ ಭೋಸಲೆ ನಾಟ್ಯಗೃಹ, 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನ ಕೇಶವರಾವ ಭೋಸಲೆಯವರ ಜಯಂತಿ. ಆ ಮಂದಿರವನ್ನು ಇದ್ದ ಹಾಗೆಯೇ ಮತ್ತೆ ಕಟ್ಟಬೇಕೆಂದು ಕೊಲ್ಹಾಪುರದ ಜನ ಒಂದೇ ದನಿಯಲ್ಲಿ ಕೇಳಿದರು. ಇಲ್ಲಿ ನಾವು ರಸ್ಕಿನ್ನನ ಪಕ್ಷ ಬಿಟ್ಟು ಆ ಜನರ ಪಕ್ಷವನ್ನೇ ಸೇರುತ್ತೇವೆ. ಅವರು ಕೇಳಿದ್ದು ವಸ್ತುಸಂಗ್ರಹಾಲಯವನ್ನಲ್ಲ. ಮೊನ್ನೆಯವರೆಗೂ ತಾವು ನಾಟಕ ನೋಡುತ್ತಿದ್ದ, ಆಡುತ್ತಿದ್ದ ಜಾಗವನ್ನು. ಬದುಕು ಕಡಿಯದಿರುವಾಗ ಇದ್ದಂತೆಯೇ ಕಟ್ಟುವುದು ಸುಳ್ಳಾಗುವುದಿಲ್ಲ.

ಕೇಶವರಾಯರ ಹೆಸರು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಅವರ ಕೀರ್ತಿಶಾಲಿ ಲಲಿತಕಲಾದರ್ಶ ನಾಟಕ ಮಂಡಳಿ 1908ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಆ ಪ್ರಯೋಗದ ನೆನಪಿಗೆ ನವೆಂಬರ್ 5ನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಅದಕ್ಕೆ ಪ್ರೇರಣೆಯಾದದ್ದು ಸಾಂಗಲಿಯ ಆಸ್ಥಾನಕ್ಕೆ ಬಂದು ಆಟ ತೋರಿಸಿದ ಕರ್ನಾಟಕದ ಭಾಗವತ ಮೇಳ ಎಂಬುದನ್ನು ಮರಾಠಿಯ ಇತಿಹಾಸಕಾರರೇ ಬರೆದಿದ್ದಾರೆ. ಹೊನ್ನಾವರದ ಬಳಿಯ ಕರ್ಕಿಯಿಂದ ಬಂದ ಮೇಳ ಅದು.

ಇದನ್ನು ಹಕ್ಕಿನ ಪಟ್ಟಿಯಾಗಿ ನಾವು ಮುಂದಿಡುತ್ತಿಲ್ಲ. ಗಡಿಯಲ್ಲಿ ಬಾಳುವವರಿಗೆ ಅಂಥ ಪಟ್ಟಿಗಳ ಬೇಸರ ಸಾಕಷ್ಟಿದೆ. ಎರಡೂ ಕಡೆಯವರು ಮಾಡಿಟ್ಟಿದ್ದಾರೆ. ಸಾಲವನ್ನು ಲೆಕ್ಕಕ್ಕೆ ಹಿಡಿಯುವಾಗ ನಮ್ಮ ಸಾಲವೂ ಲೆಕ್ಕಕ್ಕೆ ಬರಬೇಕಷ್ಟೆ. ನಮ್ಮ ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಮರಾಠಿ ನಾಟಕಗಳಿಂದ ಪಡೆದುದೇನು ಕಡಿಮೆಯೇ? ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆಸಿ ಮೈಸೂರಿನಲ್ಲಿ, ಧಾರವಾಡದ ಸೀಮೆಯಲ್ಲಿ ಹಾಡಿದರು; ಅವರಿಂದ ಸವಾಯಿ ಗಂಧರ್ವರು ಕಲಿತರು. ಹೀಗಿರುವಾಗ ಒಂದು ರಂಗಮಂದಿರವನ್ನು ದುರಸ್ತಿ ಮಾಡುವವರು ಅದರ ಗೋಡೆಯ ಮೇಲೆ ಒಂದೇ ವಂಶಾವಳಿಯನ್ನು ಬರೆದರೆ, ಅದು ಬಾಕ್ಸು ಕಟ್ಟಿ ಪಡದೆ ಮರೆತಂತೆಯೇ ಆಗುತ್ತದೆ. ಕಲ್ಲಿನ ವಿಷಯದಲ್ಲಿ ಕಂಡ ನ್ಯಾಯ ನೆನಪಿನ ವಿಷಯದಲ್ಲಿಯೂ ಇದೆ.

ಮರಳಿ ನಮ್ಮ ಟಾಕೀಸಿಗೆ ಬರೋಣ. ಪುಸ್ತಕವೋ ಸೂರೋ ಎಂಬ ಪ್ರಶ್ನೆ ಮುಂಬಯಿಗೆ ಹೋಗಿ ಬಂದ ಮೇಲೆಯೂ ಪೂರ್ತಿ ಕರಗಲಿಲ್ಲ. ಒಪೇರಾ ಹೌಸಿಗೆ ರಾಜಮನೆತನದ ಬೆಂಬಲವಿತ್ತು, ನಮಗೆ ಇರುವುದು ವರ್ಗಣಿ. ಎರಡನ್ನೂ ಮಾಡಲಾಗದಿದ್ದರೆ ಪುಸ್ತಕವೇ ಮೊದಲು ಎಂದು ನಮ್ಮಲ್ಲಿ ನಾಲ್ವರ ಮತ. ಓದಬಲ್ಲ ಮಕ್ಕಳಿಲ್ಲದ ಊರಿನಲ್ಲಿ ಕನ್ನಡ ನಾಟಕವನ್ನು ಯಾರಿಗೆ ಆಡಿ ತೋರಿಸುವುದು? ಐದನೆಯವರಾದ ಕಾಕಾ ಮಾತ್ರ ಒಪ್ಪಲಿಲ್ಲ. ತಾವು ಶಾಲೆಗೆ ಹೋದದ್ದು ಎರಡೇ ವರ್ಷವೆಂದೂ, ಕನ್ನಡದ ಮಾತು ಇಷ್ಟು ಚೆಲುವಾಗಿರಬಲ್ಲದೆಂದು ತಮಗೆ ತಿಳಿದದ್ದು ಜಾತ್ರೆಯ ಕಂಪನಿ ನಾಟಕದಿಂದ, ಆಮೇಲೆ ಟೂರಿಂಗ್ ಟಾಕೀಸಿನಿಂದ ಎಂದೂ ಅವರು ರೈಲಿನಲ್ಲಿ ಕುಳಿತು ಹೇಳಿದರು. ನಮ್ಮ ನಾಲ್ವರ ವಾದದಲ್ಲಿ ಈ ಮಾತಿಗೆ ಎಡೆಯಿರಲಿಲ್ಲ. ಓದು ಬಲ್ಲವರು ಓದನ್ನೇ ಬಾಗಿಲೆಂದು ತಿಳಿಯುವುದು ಸಹಜ. ಬೇರೆ ಬಾಗಿಲಿನಿಂದ ಬಂದವರನ್ನು ನಾವು ಕೇಳಿಯೇ ಇರಲಿಲ್ಲ.

ಆದ್ದರಿಂದ ಈಗ ನಮ್ಮ ಮುಂದಿರುವ ವಿಚಾರ ಚಿಕ್ಕದು. ಮಾಳಿಗೆ ಸೋರದಂತೆ ಮಾಡುವುದು, ವಿದ್ಯುತ್ ತಂತಿಗಳನ್ನು ಹೊಸದಾಗಿ ಎಳೆಸುವುದು (ಕೊಲ್ಹಾಪುರದ ಬೆಂಕಿಯನ್ನು ಕಂಡವರಿಗೆ ಇದರಲ್ಲಿ ಜಿಪುಣತನ ಕೂಡದು), ಒಂದು ಬದಿಯ ಕೋಣೆಯಲ್ಲಿ ಶಾಲಾ ಮಕ್ಕಳಿಗೆ ಪುಸ್ತಕದ ಕಪಾಟುಗಳನ್ನು ಇಡುವುದು. ಪ್ರೊಜೆಕ್ಟರಿನ ಕೋಣೆಯನ್ನೂ ಅದರ ಎರಡು ಕಂಡಿಗಳನ್ನೂ ಹಾಗೆಯೇ ಬಿಡುವುದು. ಮುಂದಿನ ಸಾಲುಗಳ ದರ ಎಂದಿಗೂ ಏರದಂತೆ ದಾನಪತ್ರದಲ್ಲಿಯೇ ಬರೆಸಬೇಕೆಂಬ ಸೂಚನೆಯೂ ಬಂದಿದೆ. ತಾನು ಮಾಡಿದ ದಾನಕ್ಕಿಂತ ಇನ್ನೊಬ್ಬರು ಮಾಡಿದ್ದನ್ನು ಪಾಲಿಸುವುದಕ್ಕೆ ಇಮ್ಮಡಿ ಪುಣ್ಯವೆಂದು ಶಾಸನಗಳ ಕೊನೆಯಲ್ಲಿ ಹೇಳಿರುತ್ತದೆಯಲ್ಲವೇ. ನಮ್ಮ ನಂತರದವರು ಅದನ್ನು ಓದಿದರೆ ಆಯಿತು.

ಟಾಕೀಸಿನ ಮಾಲೀಕರ ಮನೆಯವರು ಕೀಲಿಕೈ ಕೊಡಲು ಒಪ್ಪಿದ್ದಾರೆ. ದೀಪಾವಳಿಯ ನಂತರ ಒಳಗೆ ಹೋಗಿ ನೋಡುವವರಿದ್ದೇವೆ. ಬ್ಯಾಟರಿ ತಾವೇ ತರುವುದಾಗಿ ಕಾಕಾ ಹೇಳಿದ್ದಾರೆ.