ಕಾಯುವವರ ಪಟ್ಟಿಯಲ್ಲಿ ಒಂದು ಹೆಸರು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ನಂತರದ ಭಾನುವಾರಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಕಾಣುವ ಒಂದು ದೃಶ್ಯ ನಿಮಗೆ ಹೊಸದಲ್ಲ. ಬಲಿಪೂಜೆ ಮುಗಿದ ಮೇಲೆ ಗುರುನಿವಾಸದ ಜಗಲಿಯಲ್ಲಿ ನಾಲ್ಕಾರು ಹೆತ್ತವರು ನಿಂತಿರುತ್ತಾರೆ. ಮಗ ಅಥವಾ ಮಗಳು ಬಯಸಿದ ಕಾಲೇಜಿನ ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲ, ವೇಟಿಂಗ್ ಲಿಸ್ಟ್‌ನಲ್ಲಿದೆ. ಗುರುಗಳು ಒಂದು ಪತ್ರ ಬರೆದುಕೊಟ್ಟರೆ ಕೆಲಸ ಆದೀತೆಂಬ ಆಸೆ. ಒಮ್ಮೆ ನಾನೂ ಆ ಜಗಲಿಯಲ್ಲಿ ನಿಂತಿದ್ದೆ. ಗುರುಗಳು ನನ್ನ ಮಾತನ್ನೆಲ್ಲ ಕೇಳಿ, "ಪಟ್ಟಿಯಲ್ಲಿ ನಿಮ್ಮ ಮಗಳಿಗಿಂತ ಮುಂದಿರುವವರು ಯಾರೆಂದು ಗೊತ್ತೇ?" ಎಂದರು. ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ. 'ಇಲ್ಲ' ಎಂಬ ಉತ್ತರ ಬಂದರೆ ಅತ್ತು ಸಮಾಧಾನಪಟ್ಟುಕೊಳ್ಳಬಹುದು. 'ಹೌದು' ಎಂದರೆ ದೇವರಿಗೆ ಕೃತಜ್ಞತೆ ಸಲ್ಲಿಸಬಹುದು. ಇವೆರಡರ ನಡುವೆ ಸಿಲುಕಿದವರು ಏನು ಮಾಡಬೇಕು? ಏನನ್ನು ಮಾಡಬಾರದು?

ಕಾಯುವವರ ಪಟ್ಟಿ ತಾನಾಗಿ ಚಲಿಸುವುದಿಲ್ಲ. ಬಿಎಸ್ಸಿ ಸೀಟು ಪಡೆದ ಹುಡುಗನೊಬ್ಬ ಎಂಜಿನಿಯರಿಂಗ್ ಸೀಟು ದೊರೆತು ಅದನ್ನು ಬಿಟ್ಟುಕೊಟ್ಟಾಗ, ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತಾರೆ. ಅಂದರೆ ನಮಗೆ ಸಿಗುವ ಸ್ಥಾನ ಅಪರಿಚಿತನೊಬ್ಬ ಬಿಟ್ಟುಕೊಟ್ಟದ್ದು. ಹಾಗೆಯೇ ನಾವು ಪ್ರಭಾವ ಬೀರಿ ಮುಂದೆ ನುಗ್ಗಿದರೆ ಹಿಂದೆ ಸರಿಯುವವನೂ ಅಪರಿಚಿತನೇ. ಅವನ ಮುಖ ನಮಗೆ ಕಾಣದ ಕಾರಣ ನಮ್ಮ ಮನಸ್ಸಾಕ್ಷಿ ಸುಮ್ಮನಿರುತ್ತದೆ. ಆದರೆ ಅವನ ತಾಯಿಯೂ ಯಾವುದೋ ಬಾಗಿಲಲ್ಲಿ ನಿಂತಿರಬಹುದು. ಪತ್ರ ಬರೆಸಲು ಅವಳಿಗೆ ಯಾರೂ ಇಲ್ಲದಿರಬಹುದು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ನಮ್ಮ ಕಾಲೇಜೊಂದು ಕ್ರೈಸ್ತ ಮಕ್ಕಳಿಗೆ ಇಷ್ಟು ಸೀಟುಗಳೆಂದು ಮೊದಲೇ ಪ್ರಕಟಿಸಿ, ಜ್ಞಾನಸ್ನಾನದ ಪ್ರಮಾಣಪತ್ರವನ್ನು ಕೇಳಿದರೆ, ಅದನ್ನು ಕೊಡುವುದು ಸತ್ಯವನ್ನು ತಿಳಿಸಿದಂತೆ. ಎಲ್ಲರಿಗೂ ಗೊತ್ತಿರುವ ನಿಯಮ ಅದು. ಆದರೆ ಅದೇ ನಿಯಮದಡಿ ಕಾಯುತ್ತಿರುವ ಇನ್ನೊಬ್ಬರನ್ನು ದಾಟಿಹೋಗಲು ಗುಟ್ಟಾಗಿ ತಲುಪಿಸುವ ಪತ್ರ ಬೇರೆಯೇ ಜಾತಿಯದು. ನಿಯಮಕ್ಕೆ ಹೊರತಾಗಿ ಕೇಳುವ 'ಡೊನೇಷನ್' ಕುರಿತು ಹೆಚ್ಚು ಹೇಳಬೇಕಿಲ್ಲ. ನಮ್ಮ ರಾಜ್ಯದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದಿದೆ.

ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ನೆನೆಯಿರಿ. ಯೂದನ ಸ್ಥಾನ ತೆರವಾದಾಗ ಇಬ್ಬರ ಹೆಸರು ಮುಂದೆ ಬಂತು: ಯುಸ್ತನೆಂಬ ಇನ್ನೊಂದು ಹೆಸರಿದ್ದ ಬಾರ್ಸಬ್ಬ ಎಂಬ ಯೋಸೇಫ ಮತ್ತು ಮತ್ತೀಯ. ಇಬ್ಬರೂ ಆರಂಭದಿಂದ ಪ್ರಭುವಿನೊಡನೆ ಇದ್ದವರು, ಇಬ್ಬರೂ ಅರ್ಹರು. ಚೀಟಿ ಮತ್ತೀಯನಿಗೆ ಬಿತ್ತು. ಯುಸ್ತ ಅನರ್ಹನೆಂದು ಅಲ್ಲಿ ಯಾರೂ ಹೇಳಲಿಲ್ಲ. ಇದ್ದದ್ದು ಒಂದೇ ಸ್ಥಾನ. ಅವನು ಪ್ರತಿಭಟಿಸಿದನೆಂದಾಗಲಿ ಸಭೆ ಬಿಟ್ಟುಹೋದನೆಂದಾಗಲಿ ಗ್ರಂಥದಲ್ಲಿಲ್ಲ. ಮುಂದಿನ ಅಧ್ಯಾಯದಲ್ಲಿ ಪವಿತ್ರಾತ್ಮರು ಒಟ್ಟಿಗೆ ಸೇರಿದ್ದ ಎಲ್ಲರ ಮೇಲೂ ಇಳಿದು ಬಂದರು. ವೇಟಿಂಗ್ ಲಿಸ್ಟ್‌ನಲ್ಲಿರುವ ಮಗುವಿಗೆ ನಾವು ಹೇಳಬೇಕಾದ ಮೊದಲ ಮಾತು ಇದೇ: ಸ್ಥಾನಗಳು ಎಣಿಕೆಯವು, ನಿನ್ನ ಬೆಲೆ ಅವುಗಳಿಂದ ನಿರ್ಧಾರವಾಗುವುದಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಕಾಲೇಜಿನ ಕಚೇರಿಗೆ ಹೋಗಿ ಪಟ್ಟಿಯಲ್ಲಿ ಎಷ್ಟನೆಯವರೆಂದು, ಹಿಂದಿನ ವರ್ಷ ಎಷ್ಟನೆಯವರವರೆಗೆ ಸೀಟು ದೊರೆಯಿತೆಂದು ಕೇಳಿ. ಸೀಟು ಸಿಕ್ಕರೆ ಸೇರುವ ಇಚ್ಛೆಯಿದೆಯೆಂದು ಒಮ್ಮೆ ಬರೆದು ತಿಳಿಸಿ. ಅದು ನಿಮ್ಮ ಹಕ್ಕು. ನಂತರ ಸಿಕ್ಕಿರುವ ಇನ್ನೊಂದು ಕಾಲೇಜಿಗೆ ಸೇರಿ ಓದನ್ನು ಆರಂಭಿಸಿ. ಸಿಇಟಿಯಲ್ಲಿ ಸೀಟು ಹಂಚಿಕೆಯಾದವರಿಗೆ 'ಚಾಯ್ಸ್-2' ಎಂಬ ದಾರಿಯಿದೆ. ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ಹೆಚ್ಚು ಬಯಸಿದ್ದು ದೊರೆತರೆ ಮೊದಲಿನದು ತಾನಾಗಿ ರದ್ದಾಗಿ ಇನ್ನೊಬ್ಬರಿಗೆ ತೆರವಾಗುತ್ತದೆ. ಕಾಯುವುದು ತಪ್ಪಲ್ಲ, ಎರಡನ್ನೂ ಹಿಡಿದಿರುವುದು ತಪ್ಪು ಎಂಬ ನೀತಿ ಆ ನಿಯಮದಲ್ಲೇ ಅಡಗಿದೆ.

ಆದರೆ ಎಲ್ಲ ಪ್ರವೇಶಗಳಲ್ಲೂ ಹೀಗೆ ತಾನಾಗಿ ಆಗುವುದಿಲ್ಲ. ಎಷ್ಟೋ ಕಡೆ ನಾವೇ ಹೋಗಿ ಬಿಡಬೇಕು. ಕಟ್ಟಿದ ಹಣ ಹೋದೀತು, ಅಂಕಪಟ್ಟಿ ಸಿಕ್ಕದೇ ಹೋದೀತು ಎಂದು ಹೆದರಿ ಅನೇಕರು ಬೇಡವಾದ ಸೀಟನ್ನೂ ವಾರಗಟ್ಟಲೆ ಹಿಡಿದಿರುತ್ತಾರೆ. 2018ರಲ್ಲಿ ಯುಜಿಸಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇರಿಸಿಕೊಳ್ಳುವಂತಿಲ್ಲ. ಬೇಗ ಸೀಟು ಬಿಟ್ಟವರಿಗೆ ಶುಲ್ಕವನ್ನೂ ಹಿಂತಿರುಗಿಸಬೇಕು. ಬಿಡುವುದೇ ನಿಶ್ಚಯವಾದರೆ ಅಂದೇ ಬಿಟ್ಟುಬಿಡಿ. ನಿಮ್ಮ ಒಂದು ದಿನದ ವಿಳಂಬ ಇನ್ನೊಂದು ಮನೆಯ ನಿದ್ದೆಗೆಟ್ಟ ರಾತ್ರಿ.

ಅಂದು ನಾನು ಪತ್ರವಿಲ್ಲದೆ ಮನೆಗೆ ಮರಳಿದೆ. ನನ್ನ ಮಗಳ ಹೆಸರು ಆ ಪಟ್ಟಿಯಲ್ಲಿ ಕೊನೆಗೂ ಮೇಲೇರಲಿಲ್ಲ. ಅವಳು ಬೇರೆ ಕಾಲೇಜಿನಲ್ಲಿ ಓದಿದಳು. ಅದೇ ಒಳ್ಳೆಯದಾಯಿತೆಂದು ನಾನು ಹೇಳಲಾರೆ. ನಡೆಯದೇ ಹೋದದ್ದನ್ನು ನಡೆದದ್ದರೊಡನೆ ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಅವಳು ಕುಳಿತ ಬೆಂಚು ಯಾರಿಂದಲೂ ಕಿತ್ತುಕೊಂಡದ್ದಲ್ಲ ಎಂಬುದು ಮಾತ್ರ ನನಗೆ ಗೊತ್ತು. ಓದುಗರೇ, ಈ ವರ್ಷ ನಿಮ್ಮ ಮನೆಯ ಹೆಸರೂ ಅಂಥ ಪಟ್ಟಿಯಲ್ಲಿದ್ದರೆ, ರಾತ್ರಿಯ ಪ್ರಾರ್ಥನೆಯಲ್ಲಿ ಅದಕ್ಕಿಂತ ಮೇಲಿರುವ ಹೆಸರುಗಳನ್ನೂ ಕೆಳಗಿರುವ ಹೆಸರುಗಳನ್ನೂ ದೇವರಿಗೆ ಒಪ್ಪಿಸಿರಿ.