ಪಟ್ಟೆಮಡಿಯೂ ಬಣ್ಣದ ನೀರೂ

ಶುದ್ಧಿಯೆಂದರೆ ಕೊಳೆಯ ನಾಶವೋ ಅಥವಾ ಅದರ ಸ್ಥಳಾಂತರವೋ ಎಂಬ ಪ್ರಶ್ನೆಗೆ ವೇದಾಂತದ ಒಂದು ಪ್ರಸಿದ್ಧ ದೃಷ್ಟಾಂತದಲ್ಲಿ ಸುಳಿವಿದೆ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಆತ್ಮಬೋಧ’ವು, ಅಜ್ಞಾನದಿಂದ ಕದಡಿದ ಜೀವವನ್ನು ತಿಳಿಗೊಳಿಸಿದ ಜ್ಞಾನವು ಕೊನೆಗೆ ತಾನೂ ಇಲ್ಲವಾಗುತ್ತದೆ ಎಂಬುದನ್ನು ಕತಕದ, ಅಂದರೆ ಕನ್ನಡಿಗರು ಚಿಲ್ಲದ ಬೀಜವೆನ್ನುವ ಬೀಜದ, ಪುಡಿಗೆ ಹೋಲಿಸುತ್ತದೆ; ಆ ಪುಡಿಯು ನೀರಿನಲ್ಲಿ ತೇಲುವ ಕೆಸರಿನ ಕಣಗಳನ್ನು ಒಂದಕ್ಕೊಂದು ಕೂಡಿಸಿ, ಅವುಗಳೊಡನೆ ತಾನೂ ತಳಕ್ಕೆ ಇಳಿಯುತ್ತದೆ. ಕೊಡದ ತಳದಲ್ಲಿ ನಿಂತ ಗಸಿಯನ್ನು ಯಾರು, ಎಲ್ಲಿ ಚೆಲ್ಲಬೇಕೆಂಬುದು ದೃಷ್ಟಾಂತದ ವ್ಯಾಪ್ತಿಗೆ ಬರುವುದಿಲ್ಲ. ಊರಿನ ಮಟ್ಟಿಗೆ ಮಾತ್ರ ಅದೇ ಮುಖ್ಯ ಪ್ರಶ್ನೆ.

ಬೆಂಗಳೂರಿನ ತಣಿಸಂದ್ರದ ಮಗ್ಗುಲಲ್ಲಿರುವ ರಾಚೇನಹಳ್ಳಿ ಕೆರೆಗೆ ಮೇಲಿನ ಜಕ್ಕೂರು ಕೆರೆಯ ನೀರು ಹರಿದು ಬರುತ್ತದೆ. ಜಕ್ಕೂರು ಕೆರೆಗೋ ಸಂಸ್ಕರಿಸಿದ ಕೊಳಚೆ ನೀರೇ ದೊಡ್ಡ ಆಧಾರ. ಮೇಲಿನವರು ಬಿಟ್ಟದ್ದು ಕೆಳಗಿನವರ ಪಾಲಾಗುವುದು ಕೆರೆಸಾಲಿನ ಸಹಜ ನಿಯಮ; ಬಣ್ಣದ ನೀರಿಗೂ ಅದೇ ನಿಯಮ. ಯಲಹಂಕವನ್ನು ದಾಟಿ ಉತ್ತರಕ್ಕೆ ಸಾಗಿದರೆ ಸಿಗುವ ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ, ರೇಷ್ಮೆ ಸೀರೆಗಳ ಊರು. ರೇಷ್ಮೆ ನೂಲನ್ನು ಬಣ್ಣಕ್ಕೆ ಅದ್ದಿದಾಗ ಹಿಡಿಯದೆ ಉಳಿದ ಬಣ್ಣವು ತೊಳೆದ ನೀರಿನೊಂದಿಗೆ ಹೊರಹೋಗುತ್ತದೆ. ಬಣ್ಣಗಟ್ಟಿದ ನೀರು ಬೆಳಕನ್ನು ತಡೆದು ಜಲಸಸ್ಯಗಳನ್ನು ಸೊರಗಿಸುತ್ತದೆ, ಕೆಲವು ಆಜೋ ವರ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೀನುಗಳು ಹುಟ್ಟುತ್ತವೆ. ಪಟ್ಟಣದ ಕೊಳಚೆಯೂ ಕೈಗಾರಿಕೆಗಳ ತ್ಯಾಜ್ಯವೂ ಸೇರಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳು ಕೆಟ್ಟುದರ ವಿರುದ್ಧ ಆ ಭಾಗದ ಹಳ್ಳಿಗರು ಹೋರಾಟ ನಡೆಸಿದ್ದಾರೆ. ಪೂಜೆಗೆ ಕೂರುವವರು ಶುದ್ಧಿಯ ಗುರುತಾಗಿ ಉಡುವ ಪಟ್ಟೆಮಡಿಯೂ ಇದೇ ರೇಷ್ಮೆಯದು ಎಂಬುದನ್ನು ನೆನೆದರೆ, ಪ್ರಶ್ನೆ ಧರ್ಮದ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಚಿಲ್ಲದ ಬೀಜ ಕೆಸರನ್ನು ಇಳಿಸೀತು, ನೀರಿನಲ್ಲಿ ಕರಗಿಹೋದ ಬಣ್ಣವನ್ನು ಹಿಡಿಯುವುದು ಅದಕ್ಕೆ ಕಷ್ಟ. ಆ ಕೆಲಸಕ್ಕೆ ಸಮರ್ಥವಾದುದು ಸಕ್ರಿಯ ಇಂಗಾಲ, ಅಂದರೆ ಅಸಂಖ್ಯ ಸೂಕ್ಷ್ಮರಂಧ್ರಗಳು ತೆರೆದುಕೊಳ್ಳುವಂತೆ ಸಿದ್ಧಪಡಿಸಿದ ಇದ್ದಿಲು. ತೆಂಗಿನ ಕರಟ, ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟಿನಂಥ ಬಿಸಾಡುವ ವಸ್ತುಗಳನ್ನು ಗಾಳಿಯಾಡದಂತೆ ಸುಟ್ಟು, 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ, ಒಂದೇ ಗ್ರಾಂ ಇದ್ದಿಲಿನೊಳಗೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರಹತ್ತಿರ ಕಾಲು ಎಕರೆಯಷ್ಟು, ಮೇಲ್ಮೈ ತೆರೆದುಕೊಳ್ಳಬಲ್ಲದು. ಬಣ್ಣದ ಅಣುಗಳು ಈ ಮೇಲ್ಮೈಗೆ ಹತ್ತಿಕೊಳ್ಳುವ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ದೇವರ ಮುಂದೆ ಒಡೆದ ಕಾಯಿಯ ಕರಟವೂ ಈ ಕೆಲಸಕ್ಕೆ ಒದಗಬಲ್ಲದು ಎಂಬುದು ಸಣ್ಣ ಮಾತಲ್ಲ: ತಿರುಳು ಪ್ರಸಾದವಾದ ಮೇಲೆ ಕಸವೆನಿಸಿದ್ದು ನೀರನ್ನು ತಿಳಿಗೊಳಿಸುತ್ತದೆ.

ಆದರೆ ಬಣ್ಣ ಇಲ್ಲಿಯೂ ನಾಶವಾಗಿಲ್ಲ, ನೀರಿನಿಂದ ಇಂಗಾಲಕ್ಕೆ ದಾಟಿದೆ ಅಷ್ಟೆ. ಕೊಳೆ ಹೋದದ್ದೆಲ್ಲಿಗೆ ಎಂಬುದನ್ನು ಮರೆಯುವ ರೂಢಿ ಮಡಿಯ ಕಲ್ಪನೆಯಲ್ಲೂ ಇದೆ. ಕನ್ನಡದಲ್ಲಿ ಮಡಿಯೆಂದರೆ ಒಗೆದ ಬಟ್ಟೆ. ಆಚಾರದ ಶುದ್ಧಿಗೂ ಅದೇ ಮಾತು. ಒಗೆದ ಬಟ್ಟೆಯನ್ನು ಗೌರವಿಸಿದ ಸಮಾಜವು ಒಗೆದವರನ್ನು ಕೆಳಗಿಟ್ಟಿತು, ಅವರ ಕೈಯಿಂದ ಹರಿದುಹೋದ ನೀರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 12ನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುತ್ತಿದ್ದ ಮಡಿವಾಳ ಮಾಚಿದೇವರು ಶರಣರ ನಡುವೆ ಪಡೆದ ಸ್ಥಾನ ಈ ಏಣಿಶ್ರೇಣಿಯನ್ನು ತಿರುವಿಹಾಕಿತು: ಅಲ್ಲಿ ಮಡಿಯು ಉಟ್ಟವನ ಹೆಗ್ಗಳಿಕೆಯಾಗಿರದೆ ಒಗೆದವನ ಕಾಯಕವಾಯಿತು. ಈ ನೋಟವನ್ನು ಒಪ್ಪಿದರೆ, ಶುದ್ಧಿಯ ವಿಚಾರ ಉಟ್ಟ ಬಟ್ಟೆಯಲ್ಲಿ ಮುಗಿಯದೆ ಬಣ್ಣದ ತೊಟ್ಟಿ, ಚರಂಡಿ, ಕೆರೆಗಳವರೆಗೂ ಚಾಚಬೇಕಾಗುತ್ತದೆ.

ಬಳಸಿದ ಇಂಗಾಲವನ್ನು ಮತ್ತೆ ಕಾಯಿಸಿ ಉಪಯೋಗಿಸಬಹುದಾದರೂ ಪ್ರತಿ ಸಲವೂ ಅದರಲ್ಲಿ ಒಂದಂಶ ನಷ್ಟವಾಗುತ್ತದೆ. ಕೆಲಸಕ್ಕೆ ಬಾರದಾದಾಗ ಕಂಡಲ್ಲಿ ಸುರಿದರೆ ಹಿಡಿದ ಬಣ್ಣ ಮರಳಿ ಮಣ್ಣಿಗೂ ನೀರಿಗೂ ಸೇರಬಹುದಾದ್ದರಿಂದ ಅದರ ವಿಲೇವಾರಿಗೂ ಹಣ ಬೇಕು. ಈ ವೆಚ್ಚವನ್ನು ಸಣ್ಣ ಬಣ್ಣಗಾರನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಟ್ಟೆಯುಟ್ಟು ಪೂಜೆಗೆ ಕೂರುವವರೆಲ್ಲ ಅದರ ಬೆಲೆಯೊಂದಿಗೆ ನೀರಿನ ಪಾಲನ್ನೂ ಕೊಡಬೇಕು.